ಬೈಕ್ ಸೈಲೆನ್ಸರ್ ಬಿಸಿ: ಪಟ್ಟಿ ಸುತ್ತಿದರೆ, ಕೋಟಿಂಗ್ ಹೊಡೆಸಿದರೆ ಆ ಶಾಖ ಎಲ್ಲಿಗೆ ಹೋಗುತ್ತೆ?

ಬಲಗಾಲಿನ ಮೀನಖಂಡದ ಒಳಬದಿಯಲ್ಲಿ ಹೆಬ್ಬೆರಳಿನಷ್ಟು ಉದ್ದದ ಒಂದು ಕಂದು ಕಲೆ. ಬೈಕ್ ಇರುವ ಮನೆಗಳಲ್ಲಿ ಒಬ್ಬರಿಗಾದರೂ ಇದು ಇದ್ದೇ ಇರುತ್ತೆ. ಚಡ್ಡಿ ಹಾಕ್ಕೊಂಡು ಹಿಂದಿನ ಸೀಟಿನಿಂದ ಇಳಿದ ಮಗು, ಸಿಗ್ನಲ್‌ನಲ್ಲಿ ಕಾಲು ಕೆಳಗಿಟ್ಟ ಸವಾರ, ಪಾರ್ಕಿಂಗ್‌ನ ಇಕ್ಕಟ್ಟಿನಲ್ಲಿ ಪಕ್ಕದ ಗಾಡಿಗೆ ಕಾಲು ತಾಗಿಸಿಕೊಂಡವರು. ಸೈಲೆನ್ಸರ್ ಯಾರನ್ನೂ ಬಿಟ್ಟಿಲ್ಲ.

ಈ ಬಿಸಿ ತಗ್ಗಿಸಲು ಮಾರುಕಟ್ಟೆಯಲ್ಲಿ ಎರಡು ಸರಕು ಜೋರಾಗಿ ಓಡುತ್ತಿವೆ. ಒಂದು, ಪೈಪಿಗೆ ಬ್ಯಾಂಡೇಜಿನಂತೆ ಸುತ್ತುವ ಹೀಟ್ ವ್ರ್ಯಾಪ್. ಇನ್ನೊಂದು, ಪೈಪಿನ ಮೇಲೆ ಸಿಂಪಡಿಸುವ ಸೆರಾಮಿಕ್ ಕೋಟಿಂಗ್. ಎರಡರ ಬಗ್ಗೆಯೂ ದೊಡ್ಡ ದೊಡ್ಡ ಮಾತು ಕೇಳಿಬರುತ್ತೆ. ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಆಮೇಲೆ ಪತ್ರಿಕೋದ್ಯಮಕ್ಕೆ ಬಂದವನು. ಎಷ್ಟೇ ರಾಜಕೀಯ ಬರೆದರೂ, ಗೆಳೆಯರು ಕೇಳುವ ಪ್ರಶ್ನೆಗಳಲ್ಲಿ ಒಂದು ಪಾಲು ಬೈಕಿನದ್ದೇ. ಅವಕ್ಕೆಲ್ಲ ಒಂದೇ ಕಡೆ ಉತ್ತರ ಇರಲಿ ಅಂತ ಈ ಲೇಖನ.

ಓದುವಾಗ ಒಂದು ಮಾತು ನೆನಪಿಟ್ಟುಕೊಳ್ಳಿ. ಶಾಖ ಮಾಯ ಆಗಲ್ಲ, ಜಾಗ ಬದಲಿಸುತ್ತೆ. ಯಾರಾದರೂ 'ಬಿಸಿ ಅರ್ಧ ಕಡಿಮೆ ಮಾಡ್ತೀವಿ' ಅಂದರೆ ಕೇಳಬೇಕಾದ ಪ್ರಶ್ನೆ ಒಂದೇ: ಉಳಿದರ್ಧ ಎಲ್ಲಿಗೆ ಹೋಯ್ತು?

ಬಿಸಿ ಎಷ್ಟಿರುತ್ತೆ, ಯಾಕಿರುತ್ತೆ?

ಪೆಟ್ರೋಲ್ ಇಂಜಿನ್ ಸುಡುವ ಇಂಧನದಲ್ಲಿರುವ ಶಕ್ತಿಯಲ್ಲಿ ಚಕ್ರಕ್ಕೆ ತಲುಪುವುದು ಹೆಚ್ಚುಕಮ್ಮಿ ಕಾಲು ಭಾಗ ಮಾತ್ರ. ಸುಮಾರು ಮೂರನೇ ಒಂದು ಭಾಗ ಹೊಗೆಯ ಜೊತೆ ಸೈಲೆನ್ಸರ್ ಮೂಲಕ ಹೊರಹೋಗುತ್ತೆ. ಉಳಿದದ್ದು ಇಂಜಿನ್ನಿನ ಮೈಯಿಂದ ಮತ್ತು ರೇಡಿಯೇಟರ್ ಇದ್ದರೆ ಅದರಿಂದ ಗಾಳಿಗೆ ಸೇರುತ್ತೆ. ಅಂದರೆ ನೀವು 100 ರೂಪಾಯಿ ಪೆಟ್ರೋಲ್ ಹಾಕಿಸಿದರೆ 70 ರೂಪಾಯಿಗೂ ಹೆಚ್ಚು ಬರೀ ಬಿಸಿ ಮಾಡೋಕೆ ಖರ್ಚಾಗುತ್ತೆ.

ಇಂಜಿನ್ನಿನಿಂದ ಹೊರಬೀಳುವ ಅನಿಲದ ಉಷ್ಣತೆ ಲೋಡ್ ಇದ್ದಾಗ 600ರಿಂದ 800 ಡಿಗ್ರಿ ಸೆಲ್ಸಿಯಸ್ ಇರುತ್ತೆ. ಇಂಜಿನ್ನಿಗೆ ಅಂಟಿಕೊಂಡಿರುವ ಬೆಂಡ್ ಪೈಪಿನ ಮೈ 300ರಿಂದ 500 ಡಿಗ್ರಿ ತಲುಪಬಹುದು. ಹಿಂದಿನ ಸೈಲೆನ್ಸರ್ ಡಬ್ಬ ಇದಕ್ಕಿಂತ ಸಾಕಷ್ಟು ತಣ್ಣಗಿರುತ್ತೆ. ಆದರೂ ಚರ್ಮಕ್ಕೆ ಅದು ತಣ್ಣಗಲ್ಲ.

ಚರ್ಮದ ಲೆಕ್ಕ ಬೇರೆಯೇ. ಸುಟ್ಟಗಾಯದ ಬಗ್ಗೆ ಇವತ್ತಿಗೂ ಉಲ್ಲೇಖಿಸಲಾಗುವ ಪ್ರಯೋಗಗಳನ್ನು ಅಮೆರಿಕದ ಮೊರಿಟ್ಜ್ ಮತ್ತು ಹೆನ್ರಿಕ್ಸ್ 1947ರಲ್ಲಿ ಪ್ರಕಟಿಸಿದರು. ಅವರ ಪ್ರಕಾರ ಚರ್ಮ 60 ಡಿಗ್ರಿಯಲ್ಲಿ ಸುಮಾರು 5 ಸೆಕೆಂಡಿಗೆ ಸುಡುತ್ತೆ. 70 ಡಿಗ್ರಿಯಲ್ಲಿ ಒಂದು ಸೆಕೆಂಡೂ ಬೇಡ. ಇನ್ನೊಂದು ತುದಿಯಲ್ಲಿ, ಬರೀ 44 ಡಿಗ್ರಿ ಆದರೂ ಸುಮಾರು 6 ಗಂಟೆ ಸತತ ತಾಗಿದರೆ ಗಾಯವಾಗುತ್ತೆ. ಈ ಎರಡನೇ ಅಂಕಿಯನ್ನು ಮರೆಯಬೇಡಿ, ಮುಂದೆ ಬೇಕಾಗುತ್ತೆ.

2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್6 ನಿಯಮ ಬಂತು. ಮಾಲಿನ್ಯ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಶುರು ಮಾಡಲು ಅದಕ್ಕೆ 250ರಿಂದ 300 ಡಿಗ್ರಿ ಬಿಸಿ ಬೇಕು. ಬೇಗ ಬಿಸಿಯಾಗಲಿ ಅಂತ ಅನೇಕ ಬೈಕ್‌ಗಳಲ್ಲಿ ಅದನ್ನು ಇಂಜಿನ್ನಿಗೆ ಹತ್ತಿರ, ಅಂದರೆ ಸವಾರರ ಪಾದದ ಆಸುಪಾಸಿಗೆ ತಂದು ಕೂರಿಸಿದ್ದಾರೆ. ಗಾಳಿ ಚೊಕ್ಕಟವಾಗಲು ಇದು ಬೇಕೇ ಬೇಕು. ಅದರ ಬಿಸಿ ಸವಾರರ ಕಾಲಿಗೆ ಬಡಿಯದ ಹಾಗೆ ವಿನ್ಯಾಸ ಮಾಡುವ ಹೊಣೆ ಕಂಪನಿಗಳದ್ದು. ಆ ಹೊಣೆ ಅರ್ಧಕ್ಕೆ ನಿಂತ ಕಡೆಯಲ್ಲೇ ಪಟ್ಟಿ, ಕೋಟಿಂಗ್‌ಗಳ ವ್ಯಾಪಾರ ಶುರುವಾಗುತ್ತೆ.

ಕಾಲಿಗೆ ಬಿಸಿ ತಲುಪುವ ಮೂರು ದಾರಿ

ಹೈಸ್ಕೂಲಿನಲ್ಲಿ ಓದಿದ್ದೇ: ವಹನ, ಸಂವಹನ, ವಿಕಿರಣ. ಬೈಕಿಗೆ ಇಳಿಸಿ ಹೇಳಿದರೆ ಹೀಗೆ.

ಪೈಪಿಗೆ ಕಾಲು ತಾಗಿದರೆ ವಹನ. ಕಲೆ ಬೀಳುವುದು ಇದರಿಂದ. ಪೈಪ್ ಅಥವಾ ರೇಡಿಯೇಟರ್ ದಾಟಿ ಬಂದ ಬಿಸಿಗಾಳಿ ತೊಡೆಗೆ ಬಡಿದರೆ ಸಂವಹನ. ತಾಗದೆಯೂ, ಗಾಳಿ ಇಲ್ಲದೆಯೂ, ಒಲೆಯ ಮುಂದೆ ಕೂತ ಹಾಗೆ ಸುಡುವುದು ವಿಕಿರಣ. ಬೈಕ್ ಓಡುವಾಗ ಗಾಳಿ ಬಿಸಿಯನ್ನು ಹಿಂದಕ್ಕೆ ಒಯ್ಯುತ್ತೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತಾಗ ಆ ಗಾಳಿ ಇಲ್ಲ, ವಿಕಿರಣದ್ದೇ ಕಾರುಬಾರು.

ವಿಕಿರಣಕ್ಕೆ ಒಂದು ವಿಚಿತ್ರ ಗುಣ ಇದೆ. ಅದು ಉಷ್ಣತೆಯ ನಾಲ್ಕನೇ ಘಾತದ ಲೆಕ್ಕದಲ್ಲಿ ಏರುತ್ತೆ, ಇಳಿಯುತ್ತೆ. ಪೈಪಿನ ಮೈ 400 ಡಿಗ್ರಿಯಿಂದ 300ಕ್ಕೆ ಇಳಿದರೆ ಅದು ಹೊರಸೂಸುವ ವಿಕಿರಣ ಹೆಚ್ಚುಕಮ್ಮಿ ಅರ್ಧಕ್ಕೆ ಬೀಳುತ್ತೆ. 200ಕ್ಕೆ ಇಳಿಸಿದರೆ ಕಾಲು ಭಾಗ ಮಾತ್ರ ಉಳಿಯುತ್ತೆ. ಜೊತೆಗೆ ಮೇಲ್ಮೈಯ ಸ್ವಭಾವವೂ ಮುಖ್ಯ. ತುಕ್ಕು ಹಿಡಿದ ಅಥವಾ ಕಪ್ಪು ಬಣ್ಣದ ಲೋಹ ಆ ಉಷ್ಣತೆಯಲ್ಲಿ ಸಾಧ್ಯವಿರುವ ಗರಿಷ್ಠ ವಿಕಿರಣದ 70ರಿಂದ 90 ಶೇಕಡಾ ಹೊರಸೂಸುತ್ತೆ. ಹೊಳೆಯುವ ಕ್ರೋಮ್ ಸೂಸುವುದು 10ರಿಂದ 20 ಶೇಕಡಾ. ಇಂಜಿನಿಯರ್‌ಗಳು ಇದನ್ನು ಎಮಿಸಿವಿಟಿ ಅಂತಾರೆ. ಹಳೇ ಬೈಕ್‌ಗಳ ಕ್ರೋಮ್ ಪೈಪ್ ಬರೀ ಶೋಕಿಗಾಗಿ ಇದ್ದದ್ದಲ್ಲ ಅಂತ ಇದರಿಂದ ಗೊತ್ತಾಗುತ್ತೆ.

ಹಾಗಾಗಿ ಏನನ್ನಾದರೂ ಕೊಳ್ಳುವ ಮುಂಚೆ ನಿಮ್ಮ ತೊಂದರೆ ಯಾವ ದಾರಿಯದ್ದು ಅಂತ ಪತ್ತೆಹಚ್ಚಿ. ತೊಡೆಗೆ ಬಿಸಿಗಾಳಿ ಬಡಿಯುತ್ತಿದ್ದರೆ ಅದು ಬಹುತೇಕ ಇಂಜಿನ್ ಅಥವಾ ರೇಡಿಯೇಟರಿನದ್ದು. ಪೈಪಿಗೆ ಏನು ಸುತ್ತಿದರೂ ಅದು ಹೋಗಲ್ಲ. ಬೈಕ್ ಮುಂಚೆಗಿಂತ ಹೆಚ್ಚು ಬಿಸಿಯಾಗುತ್ತಿದ್ದರೆ ಮೊದಲು ಇಂಜಿನ್ ಆಯಿಲ್, ಕೂಲಂಟ್, ರೇಡಿಯೇಟರ್ ಫ್ಯಾನ್, ಪೈಪ್ ಸೇರುವ ಕಡೆಯ ಗ್ಯಾಸ್ಕೆಟ್ ನೋಡಿಸಿ. ರೋಗ ಒಂದು ಕಡೆ, ಪಟ್ಟಿ ಇನ್ನೊಂದು ಕಡೆ ಆಗಬಾರದು.

ಹೀಟ್ ವ್ರ್ಯಾಪ್: ಕೆಲಸ ಮಾಡುತ್ತೆ, ಬೆಲೆ ಪೈಪ್ ತೆರುತ್ತೆ

ವ್ರ್ಯಾಪ್ ಅಂದರೆ ಗಾಜಿನ ನಾರಿನಿಂದ ಅಥವಾ ಬಸಾಲ್ಟ್ ಕಲ್ಲನ್ನು ಕರಗಿಸಿ ಎಳೆದ ನಾರಿನಿಂದ ನೇಯ್ದ ಪಟ್ಟಿ. 'ಟೈಟಾನಿಯಂ ವ್ರ್ಯಾಪ್' ಎಂಬ ಹೆಸರಲ್ಲಿ ಬರುವ ಕಂದು ಬಣ್ಣದ ಪಟ್ಟಿಗಳಲ್ಲಿ ಹೆಚ್ಚಿನವು ಈ ಕಲ್ಲಿನ ನಾರಿನವು, ಟೈಟಾನಿಯಂ ಲೋಹದ್ದಲ್ಲ. ನಾರಿನ ನಡುವೆ ಸಿಕ್ಕಿಕೊಂಡ ಗಾಳಿಯೇ ನಿಜವಾದ ತಡೆ. ಕಂಬಳಿ ಬೆಚ್ಚಗಿಡುವುದೂ ಹೀಗೇ.

ಎಷ್ಟು ಪ್ರಯೋಜನ? ಒಂದು ಅಂದಾಜು ಲೆಕ್ಕ ಹಾಕಿದೆ. ಪೈಪಿನೊಳಗೆ 600 ಡಿಗ್ರಿ ಅನಿಲ, ಹೊರಗೆ 35 ಡಿಗ್ರಿ ಗಾಳಿ, ಬೈಕ್ ಸಾಧಾರಣ ವೇಗದಲ್ಲಿದೆ, ಪಟ್ಟಿ 2 ಮಿಲಿಮೀಟರ್ ದಪ್ಪ ಅಂತ ಇಟ್ಟುಕೊಳ್ಳಿ. ಪಟ್ಟಿ ಇಲ್ಲದಿದ್ದರೆ ಪೈಪಿನ ಮೈ ಸುಮಾರು 400 ಡಿಗ್ರಿಗೆ ನಿಲ್ಲುತ್ತೆ. ಪಟ್ಟಿ ಸುತ್ತಿದರೆ ಹೊರಮೈ 250ರ ಹತ್ತಿರಕ್ಕೆ ಇಳಿಯುತ್ತೆ. ಪೈಪ್ ಸುತ್ತಮುತ್ತಲಿಗೆ ಬಿಡುವ ಒಟ್ಟು ಶಾಖ ಸುಮಾರು ಅರ್ಧವಾಗುತ್ತೆ. ಪಟ್ಟಿಯ ಒಳಗಿರುವ ಲೋಹ ಮಾತ್ರ 400ರಿಂದ 500ಕ್ಕೆ ಏರುತ್ತೆ. ನಿಮ್ಮ ಬೈಕಿನಲ್ಲಿ ಅಂಕಿಗಳು ಹಿಂದೆಮುಂದೆ ಆಗಬಹುದು, ಏರುವ ಇಳಿಯುವ ದಿಕ್ಕು ಬದಲಾಗಲ್ಲ.

ಈ ಲೆಕ್ಕದಿಂದ ಮೂರು ವಿಷಯ ತಿಳಿಯುತ್ತೆ.

ಮೊದಲನೆಯದು, 'ಅರ್ಧ ಕಡಿಮೆ' ಎಂಬ ಪ್ರಚಾರ ಪೂರ್ತಿ ಸುಳ್ಳಲ್ಲ. ವಿಕಿರಣ, ಬಿಸಿಗಾಳಿ ಎರಡೂ ಇಳಿಯುತ್ತವೆ. ನಿಂತಾಗ ವ್ಯತ್ಯಾಸ ಗೊತ್ತಾಗುತ್ತೆ.

ಎರಡನೆಯದು, ಸುತ್ತಿದ ಪೈಪ್ ಮುಟ್ಟಬಹುದಾದ ಪೈಪ್ ಅಲ್ಲ. ನಾರಿನ ಬಟ್ಟೆ ಚರ್ಮಕ್ಕೆ ಲೋಹದಷ್ಟು ವೇಗವಾಗಿ ಶಾಖ ದಾಟಿಸಲ್ಲ ನಿಜ, ಆದರೆ 250 ಡಿಗ್ರಿ ಯಾವ ಲೆಕ್ಕದಲ್ಲೂ ಸುರಕ್ಷಿತ ಅಲ್ಲ. 'ಸುತ್ತಿಸಿದ್ದೀನಿ, ಮಕ್ಕಳು ಮುಟ್ಟಿದರೂ ಪರವಾಗಿಲ್ಲ' ಅನ್ನೋ ಭ್ರಮೆ ಬೇಡ.

ಮೂರನೆಯದು, ನಿಮ್ಮ ಕಾಲು ತಪ್ಪಿಸಿಕೊಂಡ ಬಿಸಿಯಲ್ಲಿ ಒಂದಂಶ ಲೋಹದ ಮೇಲೆ ಬಿತ್ತು, ಉಳಿದದ್ದು ಹೊಗೆಯ ಜೊತೆ ಹಿಂದಕ್ಕೆ ಹೋಯ್ತು. ಮಾಮೂಲಿ ಮೈಲ್ಡ್ ಸ್ಟೀಲ್ ಪೈಪ್ 500 ಡಿಗ್ರಿ ದಾಟುತ್ತಿದ್ದಂತೆ ವೇಗವಾಗಿ ಪದರ ಪದರವಾಗಿ ಏಳುತ್ತೆ. ಸ್ಟೇನ್‌ಲೆಸ್ ಸ್ಟೀಲ್ ಆದರೆ ತಾಳಿಕೊಳ್ಳುತ್ತೆ. ನಿಮ್ಮದು ಯಾವುದು ಅಂತ ತಿಳಿಯದೆ ಸುತ್ತಿಸಬೇಡಿ.

ಇದಕ್ಕೆ ನಮ್ಮ ಮಳೆ ಸೇರಿಸಿ. ಪಟ್ಟಿ ನೀರು ಕುಡಿಯುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲೋ ಕರಾವಳಿಯಲ್ಲೋ ಓಡುವ ಬೈಕಿಗೆ ಪಟ್ಟಿ ಸುತ್ತಿದರೆ, ರಾತ್ರಿಯಿಡೀ ಒದ್ದೆ ಬಟ್ಟೆಯಲ್ಲಿ ಕಬ್ಬಿಣ ಕಟ್ಟಿಟ್ಟ ಹಾಗೆ. ಕರಾವಳಿಯಲ್ಲಿ ಉಪ್ಪಿನಂಶವೂ ಸೇರುತ್ತೆ. ಒಳಗೆ ತುಕ್ಕು ತಿಂದು ತೂತಾಗುವವರೆಗೆ ಹೊರಗಿಂದ ಏನೂ ಕಾಣಲ್ಲ. ಇಂಜಿನ್ ಆಯಿಲ್ ಸೋರಿ ಪಟ್ಟಿಯಲ್ಲಿ ನೆನೆದರೆ ಬೆಂಕಿಯ ಅಪಾಯವೂ ಇದೆ.

'ಪವರ್ ಜಾಸ್ತಿ ಆಗುತ್ತೆ' ಅನ್ನುವವರೂ ಇದ್ದಾರೆ. ಅನಿಲ ಬಿಸಿಯಾಗಿದ್ದರೆ ವೇಗವಾಗಿ ಹೊರಹೋಗುತ್ತೆ, ಸಿಲಿಂಡರ್ ಚೆನ್ನಾಗಿ ಖಾಲಿಯಾಗುತ್ತೆ ಎಂಬುದು ರೇಸಿಂಗ್ ಲೋಕದ ತರ್ಕ. ಅಲ್ಲಿ ಪೈಪಿನ ಉದ್ದ, ಟ್ಯೂನಿಂಗ್ ಎಲ್ಲ ಅದಕ್ಕೇ ಹೊಂದಿಸಿರುತ್ತಾರೆ. ಆಫೀಸಿಗೆ ಹೋಗುವ 125 ಸಿಸಿ ಬೈಕಿನಲ್ಲಿ ನಿಮಗೆ ಅನುಭವಕ್ಕೆ ಬರುವಂಥದ್ದು ಏನೂ ಆಗಲ್ಲ.

ಆದರೂ ಸುತ್ತುವುದೇ ಆದರೆ

ಪೈಪ್ ಬಿಚ್ಚಿ, ತುಕ್ಕು ಉಜ್ಜಿ ತೆಗೆದು, 600 ಡಿಗ್ರಿ ತಾಳುವ ಹೈ-ಟೆಂಪ್ ಪೇಂಟ್ ಹೊಡೆದು ಒಣಗಿಸಿ. ಆಮೇಲೆ ಪಟ್ಟಿ.

ಅಳತೆ ಹೀಗೆ ಹಾಕಿ: 35 ಮಿಲಿಮೀಟರ್ ದಪ್ಪದ, 60 ಸೆಂಟಿಮೀಟರ್ ಉದ್ದದ ಪೈಪಿಗೆ 25 ಮಿಲಿಮೀಟರ್ ಅಗಲದ ಪಟ್ಟಿ ಸುಮಾರು ಮೂರೂವರೆಯಿಂದ ನಾಲ್ಕು ಮೀಟರ್ ಬೇಕು. 5 ಮೀಟರ್ ರೋಲ್ ಸಾಕು. ಬಾಗಿದ ಪೈಪಿಗೆ 50 ಮಿಲಿಮೀಟರ್ ಪಟ್ಟಿಗಿಂತ 25ರದ್ದು ಚೆನ್ನಾಗಿ ಕೂರುತ್ತೆ.

ಸೈಲೆನ್ಸರ್ ತುದಿಯಿಂದ ಶುರು ಮಾಡಿ ಇಂಜಿನ್ ಕಡೆಗೆ ಸುತ್ತುತ್ತಾ ಹೋಗಿ. ಪ್ರತಿ ಸುತ್ತು ಹಿಂದಿನದರ ಮೇಲೆ 6 ಮಿಲಿಮೀಟರ್ ಏರಲಿ. ನಾಡಹೆಂಚು ಹೊದಿಸುವುದು ಕೆಳಗಿಂದ ಮೇಲಕ್ಕೆ ತಾನೆ? ಇಲ್ಲೂ ಅದೇ ಕಾರಣ: ನೀರು ಅಂಚಿನೊಳಗೆ ನುಗ್ಗದೆ ಜಾರಿ ಹೋಗಬೇಕು. ತುದಿಗಳನ್ನು ಸ್ಟೇನ್‌ಲೆಸ್ ಸ್ಟೀಲ್ ಟೈಗಳಿಂದ ಬಿಗಿಯಿರಿ. ಎರಡೆರಡು ಪದರ ಬೇಡ, ಲೋಹದ ಉಷ್ಣತೆ ಇನ್ನೂ ಏರುತ್ತೆ.

ಕೈಗವಸು, ತುಂಬುತೋಳಿನ ಅಂಗಿ, ಮಾಸ್ಕ್ ಇಲ್ಲದೆ ಕೆಲಸಕ್ಕೆ ಇಳಿಯಬೇಡಿ. ಗಾಜಿನ ನಾರು ಚರ್ಮಕ್ಕೆ ಹೊಕ್ಕರೆ ದಿನಗಟ್ಟಲೆ ತುರಿಕೆ. ಮೊದಲ ಸಲ ಬಿಸಿಯಾದಾಗ ಪಟ್ಟಿಯ ಅಂಟು ಸುಟ್ಟು ಹೊಗೆ ಬರುತ್ತೆ. ಗ್ಯಾರೇಜ್ ಒಳಗೆ ಬೇಡ, ಬಯಲಲ್ಲಿ ಸ್ಟಾರ್ಟ್ ಮಾಡಿ. ಮಳೆಗಾಲದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಬಿಚ್ಚಿ ನೋಡಿ.

ಎರಡು ಕಡೆ ಸುತ್ತಲೇಬಾರದು. ಒಂದು, ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಭಾಗ. ಅದು ತಾನೇ ಶಾಖ ಹುಟ್ಟಿಸುತ್ತೆ. ಆ ಶಾಖ ಹೊರಹೋಗಲು ದಾರಿ ಇರಬೇಕು. ಅತಿ ಬಿಸಿಯಾದರೆ ಒಳಗಿನ ಅಮೂಲ್ಯ ಲೋಹದ ಕಣಗಳು ಒಂದಕ್ಕೊಂದು ಬೆಸೆದು ಕೆಲಸ ನಿಲ್ಲಿಸುತ್ತವೆ. ಇನ್ನೊಂದು, ಆಕ್ಸಿಜನ್ ಸೆನ್ಸರ್ ಮತ್ತದರ ವೈರ್ ಇರುವ ಜಾಗ. ಜೊತೆಗೆ ವಾರಂಟಿ ಇರುವ ಬೈಕ್ ಆದರೆ ಅದರ ಷರತ್ತುಗಳನ್ನು ಮೊದಲು ಓದಿ.

ಸೆರಾಮಿಕ್ ಕೋಟಿಂಗ್: ಹೆಸರು ಒಂದು, ವಸ್ತು ಮೂರು

'ಸೆರಾಮಿಕ್ ಕೋಟಿಂಗ್' ಅಂತ ಒಂದೇ ಹೆಸರಲ್ಲಿ ಮೂರು ಬೇರೆ ಬೇರೆ ವಸ್ತು ಮಾರಾಟವಾಗುತ್ತವೆ.

ಒಂದು, ಸಿಲಿಕೋನ್ ರಾಳದ ಹೈ-ಟೆಂಪ್ ಪೇಂಟ್. ಸ್ಪ್ರೇ ಡಬ್ಬಿಯಲ್ಲಿ ಸಿಗುತ್ತೆ. ತುಕ್ಕು ತಡೆಯುತ್ತೆ, ನೋಡಲು ಚೆನ್ನಾಗಿರುತ್ತೆ. ಶಾಖ ತಡೆಯಲ್ಲ.

ಎರಡು, ತೆಳು ಪದರದ ಸೆರಾಮಿಕ್. ಸುಮಾರು 25 ಮೈಕ್ರಾನ್ ದಪ್ಪ, ನಿಮ್ಮ ತಲೆಗೂದಲಿನ ಮೂರನೇ ಒಂದು ಭಾಗ.

ಮೂರು, ಪ್ಲಾಸ್ಮಾ ಜ್ವಾಲೆಯಲ್ಲಿ ಕರಗಿಸಿ ಸಿಂಪಡಿಸುವ ಜಿರ್ಕೋನಿಯಾ. ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ದಪ್ಪ ಬರುತ್ತೆ. ವಿಮಾನದ ಜೆಟ್ ಇಂಜಿನ್ನಿನ ಟರ್ಬೈನ್ ಎಲೆಗಳಿಗೆ ಬಳಿಯುವುದು ಇದನ್ನೇ.

'ಜೆಟ್ ಇಂಜಿನ್ ತಂತ್ರಜ್ಞಾನ' ಅಂತ ಕೇಳಿದ ಕೂಡಲೇ ಜೇಬಿಗೆ ಕೈ ಹಾಕಬೇಡಿ. ಮೇಲಿನ ಲೆಕ್ಕವನ್ನೇ ಮುಂದುವರಿಸಿ ನೋಡಿದೆ. ಬೈಕ್ ಪೈಪಿನ ಗೋಡೆ ದಾಟಿ ಬರುವ ಶಾಖಕ್ಕೆ 25 ಮೈಕ್ರಾನ್ ಪದರ ಕೊಡುವ ಉಷ್ಣತೆಯ ವ್ಯತ್ಯಾಸ ಸುಮಾರು ಅರ್ಧ ಡಿಗ್ರಿ. ಹೌದು, 400ರಲ್ಲಿ ಅರ್ಧ. ದಪ್ಪನೆಯ ಜಿರ್ಕೋನಿಯಾ ಕೂಡ 6-7 ಡಿಗ್ರಿ ಅಷ್ಟೇ. ಟರ್ಬೈನಿನಲ್ಲಿ ಅದೇ ಪದರ ನೂರು ಡಿಗ್ರಿಗೂ ಹೆಚ್ಚು ವ್ಯತ್ಯಾಸ ತರುತ್ತೆ. ಯಾಕೆಂದರೆ ಅಲ್ಲಿ ಎಲೆಯ ಒಳಗೆ ತಂಪುಗಾಳಿ ಹರಿಯುತ್ತಿರುತ್ತೆ, ಪದರದ ಮೂಲಕ ಹರಿಯುವ ಶಾಖ ಬೈಕ್ ಪೈಪಿನದ್ದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ವಸ್ತು ಒಂದೇ, ಸಂದರ್ಭ ಬೇರೆ.

ಹಾಗಾದರೆ ಕೋಟಿಂಗ್ ಮಾಡಿಸಿದವರು 'ವ್ಯತ್ಯಾಸ ಇದೆ ಗುರೂ' ಅನ್ನುವುದು ಸುಳ್ಳೇ? ಅಲ್ಲ. ಬೆಳ್ಳಿ ಬಣ್ಣದ ಹೊಳಪಿನ ಕೋಟಿಂಗ್ ಎಮಿಸಿವಿಟಿ ಇಳಿಸುತ್ತೆ. ತುಕ್ಕು ಹಿಡಿದ ಪೈಪಿನ ಮೇಲೆ ಅದನ್ನು ಹೊಡೆಸಿದರೆ ಕಾಲಿಗೆ ಬರುವ ವಿಕಿರಣ ಅರ್ಧಕ್ಕಿಂತ ಕೆಳಗೆ ಬೀಳಬಹುದು. ಅದೇ ಹೊತ್ತಿಗೆ ಪೈಪಿನ ಮೈ ನನ್ನ ಲೆಕ್ಕದಲ್ಲಿ ಮೂವತ್ತು ನಲವತ್ತು ಡಿಗ್ರಿ ಹೆಚ್ಚೇ ಬಿಸಿಯಾಗುತ್ತೆ, ಯಾಕೆಂದರೆ ಶಾಖ ಬಿಡುವ ಒಂದು ಬಾಗಿಲನ್ನು ನಾವು ಮುಚ್ಚಿದ್ದೇವೆ. ಪಕ್ಕದಲ್ಲಿ ನಿಂತರೆ ಹಿತ, ಮುಟ್ಟಿದರೆ ಇನ್ನೂ ಕೇಡು. ಮ್ಯಾಟ್ ಕಪ್ಪು ಕೋಟಿಂಗ್ ಇದಕ್ಕೆ ತದ್ವಿರುದ್ಧ: ಪೈಪ್ ತುಸು ತಣ್ಣಗಾಗುತ್ತೆ, ಆ ಶಾಖ ನಿಮ್ಮ ಕಾಲಿನ ಕಡೆ ಬರುತ್ತೆ.

ತುಕ್ಕಿನಿಂದ ರಕ್ಷಣೆ ಕೋಟಿಂಗಿನ ನಿಜವಾದ ಗುಣ. ಪಟ್ಟಿಯ ಹಾಗೆ ನೀರು ಹಿಡಿಯಲ್ಲ. ಮಂಗಳೂರಿನಲ್ಲೋ ಕಾರವಾರದಲ್ಲೋ ಇರುವವರಿಗೆ ಅಷ್ಟೇ ಕಾರಣ ಸಾಕಾಗಬಹುದು. ಶಾಖಕ್ಕಾಗಿ ಅಂತ ದುಡ್ಡು ಕೊಡುತ್ತಿದ್ದರೆ ಮಾತ್ರ ಮತ್ತೊಮ್ಮೆ ಯೋಚಿಸಿ.

ಗನ್ ಥರ್ಮಾಮೀಟರ್ ತೋರಿಸುವ ಆಟ

ಅಂಗಡಿಯಲ್ಲಿ, ವಿಡಿಯೋಗಳಲ್ಲಿ ಒಂದು ಪ್ರದರ್ಶನ ನೋಡಿರುತ್ತೀರಿ. ಕೋಟಿಂಗ್‌ಗೆ ಮುಂಚೆ ಪೈಪಿಗೆ ಇನ್‌ಫ್ರಾರೆಡ್ ಗನ್ ಹಿಡಿಯುತ್ತಾರೆ, 380 ಡಿಗ್ರಿ. ಕೋಟಿಂಗ್ ಆದ ಮೇಲೆ ಹಿಡಿಯುತ್ತಾರೆ, 200 ಡಿಗ್ರಿ. ಚಪ್ಪಾಳೆ.

ಆ ಗನ್ ಉಷ್ಣತೆ ಅಳೆಯಲ್ಲ. ವಿಕಿರಣ ಅಳೆದು, ಮೇಲ್ಮೈಯ ಎಮಿಸಿವಿಟಿ 0.95 ಇದೆ ಅಂತ ಊಹಿಸಿಕೊಂಡು ಉಷ್ಣತೆ ಲೆಕ್ಕ ಹಾಕುತ್ತೆ. ಹೊಳೆಯುವ ಮೇಲ್ಮೈಯಲ್ಲಿ ಈ ಊಹೆ ಕೆಡುತ್ತೆ. ಪೈಪ್ ಒಂದಿಷ್ಟೂ ತಣ್ಣಗಾಗದಿದ್ದರೂ ಗನ್ ನೂರಕ್ಕೂ ಹೆಚ್ಚು ಡಿಗ್ರಿ ಕಡಿಮೆ ತೋರಿಸಬಹುದು. ಮಾರುವವರಿಗೇ ಇದು ಗೊತ್ತಿಲ್ಲದಿರಬಹುದು, ಮೋಸ ಅಂತಲೇ ಹೇಳಲಾಗದು.

ಪರಿಹಾರ ಸರಳ. ಮುಂಚೆ ಮತ್ತು ಆಮೇಲೆ, ಎರಡು ಸಲವೂ ಪೈಪಿನ ಒಂದೇ ಜಾಗದಲ್ಲಿ ನಾಣ್ಯದಷ್ಟು ಅಗಲ ಮ್ಯಾಟ್ ಕಪ್ಪು ಹೈ-ಟೆಂಪ್ ಪೇಂಟ್ ಹಚ್ಚಿ, ಅಲ್ಲೇ ಅಳೆಯಿರಿ. ಒಂದೇ ರಸ್ತೆಯಲ್ಲಿ, ಒಂದೇ ಹೊತ್ತಿನಲ್ಲಿ, ಅಷ್ಟೇ ದೂರ ಓಡಿಸಿ ಅಳೆಯಿರಿ. ಅಂಕಿ ನೋಡಿ ಮತ ಹಾಕುವಾಗ ಇರುವ ಅನುಮಾನ ಅಂಕಿ ನೋಡಿ ಸಾಮಾನು ಕೊಳ್ಳುವಾಗಲೂ ಇರಲಿ.

ಹೆಸರಿಲ್ಲದ ಬಡ ಉಪಾಯ: ತಗಡು ಮತ್ತು ಗಾಳಿ

ಪೈಪಿನಿಂದ 8-10 ಮಿಲಿಮೀಟರ್ ದೂರದಲ್ಲಿ ಒಂದು ತೆಳು ಸ್ಟೇನ್‌ಲೆಸ್ ಅಥವಾ ಅಲ್ಯೂಮಿನಿಯಂ ತಗಡು ಕೂರಿಸುವುದಕ್ಕೆ ಹೀಟ್ ಶೀಲ್ಡ್ ಅಂತ ಹೆಸರು. ಇದಕ್ಕೆ ಜಾಹೀರಾತು ಕಡಿಮೆ, ಯಾಕೆಂದರೆ ಇದರಲ್ಲಿ ಮಾರಲು ದೊಡ್ಡ ಕಥೆ ಇಲ್ಲ.

ಕೆಲಸ ಮಾಡುವುದು ಹೀಗೆ. ತಗಡು ಪೈಪಿನ ವಿಕಿರಣವನ್ನು ತಡೆದು ಒಂದು ಪಾಲನ್ನು ವಾಪಸ್ ಕಳಿಸುತ್ತೆ. ನಡುವಿನ ಸಂದಿಯಲ್ಲಿ ಗಾಳಿ ಹರಿದು ಉಳಿದದ್ದನ್ನು ಹಿಂದಕ್ಕೆ ಒಯ್ಯುತ್ತೆ. ಪೈಪಿಗೂ ತಗಡಿಗೂ ಒಂದೇ ಎಮಿಸಿವಿಟಿ ಇದ್ದರೂ ವಿಕಿರಣ ಅರ್ಧವಾಗುತ್ತೆ. ತಗಡು ಹೊಳಪಾಗಿದ್ದರೆ ಇನ್ನೂ ಕಡಿಮೆ. ಪೈಪಿನ ಇನ್ನೊಂದು ಬದಿ ಗಾಳಿಗೆ ತೆರೆದೇ ಇರುವುದರಿಂದ ಲೋಹ ಅತಿಯಾಗಿ ಕಾಯಲ್ಲ. ನೀರು ನಿಲ್ಲಲ್ಲ. ತುಕ್ಕು ಬಂದರೆ ಕಣ್ಣಿಗೆ ಕಾಣುತ್ತೆ. ಎಲ್ಲಕ್ಕಿಂತ ಮುಖ್ಯವಾಗಿ, ಕಾಲು ತಾಗಿದರೆ ತಾಗುವುದು ತಗಡಿಗೆ, ಪೈಪಿಗಲ್ಲ.

ಕೂರಿಸುವಾಗ ಒಂದೇ ಎಚ್ಚರ. ತಗಡನ್ನು ಪೈಪಿಗೆ ನೇರ ಬೆಸುಗೆ ಹಾಕಿದರೆ ಆ ಬಿಂದುವಿನಿಂದ ಶಾಖ ಹರಿದು ಬರುತ್ತೆ. ಕ್ಲಾಂಪ್ ಮತ್ತು ಶಾಖನಿರೋಧಕ ವಾಷರ್ ಬಳಸಿ, ಆದಷ್ಟು ಕಡಿಮೆ ಕಡೆ ಬಿಗಿಯಿರಿ. ನಿಮ್ಮ ಬೈಕಿನ ಕಂಪನಿ ಶೀಲ್ಡ್ ಬಿದ್ದುಹೋಗಿದ್ದರೆ ಅಥವಾ ಅಲುಗಾಡುತ್ತೆ ಅಂತ ಬಿಚ್ಚಿಸಿ ಎಸೆದಿದ್ದರೆ, ಬೇರೇನೂ ಮಾಡುವ ಮುಂಚೆ ಅದನ್ನೇ ಮೊದಲು ಹಾಕಿಸಿ.

ಬಿಸಿ ಇಳಿಯಿತು, ಧೂಳು ಯಾರಿಗೆ ಸೇರಿತು?

ಇಲ್ಲಿಯವರೆಗೆ ಸವಾರರ ಕಾಲಿನ ಮಾತಾಯಿತು. ಈ ಕೆಲಸ ಮಾಡುವವರ ಶ್ವಾಸಕೋಶದ ಮಾತನ್ನೂ ಆಡಬೇಕು.

ಜೆ.ಸಿ. ರಸ್ತೆಯಂಥ ಬಿಡಿಭಾಗದ ಮಾರುಕಟ್ಟೆಗಳಿಂದ ಜಿಲ್ಲಾ ಕೇಂದ್ರಗಳ ಹಾರ್ಡ್‌ವೇರ್ ಅಂಗಡಿಗಳವರೆಗೆ ಶಾಖ ತಡೆಯುವ ಹಗ್ಗ, ಬಟ್ಟೆ ಕೇಳುವವರು ಒಂದು ಹೆಸರು ಗಮನಿಸಬೇಕು: ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಇದು ಅಗ್ಗ, ಬೆಂಕಿಗೆ ಬಗ್ಗಲ್ಲ, ಪೈಪಿಗೆ ಚೆನ್ನಾಗಿ ಸುತ್ತಿಕೊಳ್ಳುತ್ತೆ. ಇದರ ಎಳೆ ಉಸಿರಿನಲ್ಲಿ ಹೋದರೆ ಹತ್ತಾರು ವರ್ಷಗಳ ಆಮೇಲೆ ಕ್ಯಾನ್ಸರ್ ಬರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕಲ್ನಾರಿನ ಎಲ್ಲ ಬಗೆಗಳನ್ನೂ ಮೊದಲ ಗುಂಪಿನ, ಅಂದರೆ ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಇಟ್ಟಿದೆ. ಯುರೋಪ್ ಒಕ್ಕೂಟ 2005ರಿಂದ ನಿಷೇಧಿಸಿದೆ. ಭಾರತದಲ್ಲಿ ಬಳಕೆಗೆ ಪೂರ್ತಿ ನಿಷೇಧ ಇಲ್ಲ. 1995ರಲ್ಲಿ ಕಲ್ನಾರು ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾರ್ಮಿಕರ ಆರೋಗ್ಯದ ಹಕ್ಕನ್ನು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೆ ಸೇರಿಸಿತು. ಬೀದಿ ಬದಿಯ ಗ್ಯಾರೇಜಿನಲ್ಲಿ ಬರಿಗೈಯಲ್ಲಿ ಹಗ್ಗ ಕತ್ತರಿಸುವ ಹುಡುಗನವರೆಗೆ ಆ ತೀರ್ಪು ಇಳಿದು ಬಂದಿಲ್ಲ. ಪಟ್ಟಿ ಕೊಳ್ಳುವಾಗ ಗಾಜಿನ ನಾರು ಅಥವಾ ಬಸಾಲ್ಟ್ ಅಂತ ಬರೆದಿದ್ದರೆ ಮಾತ್ರ ತಗೊಳ್ಳಿ. ಹೆಸರಿಲ್ಲದ ಬೂದುಬಿಳಿ ಹಗ್ಗ ಎಷ್ಟು ಅಗ್ಗ ಸಿಕ್ಕರೂ ಬೇಡ.

ಎರಡನೆಯದು ಮರಳು. ಕೋಟಿಂಗ್ ಹಿಡಿಯಬೇಕಾದರೆ ಪೈಪಿನ ಮೈಯನ್ನು ಒರಟು ಮಾಡಬೇಕು. ಅದಕ್ಕೆ ಒತ್ತಡದ ಗಾಳಿಯಲ್ಲಿ ಕಣಗಳನ್ನು ಚಿಮ್ಮಿಸುತ್ತಾರೆ. ಮಾಮೂಲಿ ಮರಳು ಬಳಸಿದರೆ ಅದು ಒಡೆದು ಸಿಲಿಕಾ ಧೂಳಾಗುತ್ತೆ, ಆ ಧೂಳು ಸಿಲಿಕೋಸಿಸ್ ತರುತ್ತೆ. ಬ್ರಿಟನ್ ಲೋಹ ಉಜ್ಜಲು ಮರಳು ಚಿಮ್ಮಿಸುವುದನ್ನು 1949ರ ನಿಯಮಗಳಲ್ಲೇ ನಿಲ್ಲಿಸಿತು. ಈ ರೋಗದ ಪರಿಚಯ ಕರ್ನಾಟಕಕ್ಕೆ ಬೇರೆಯವರು ಮಾಡಿಕೊಡಬೇಕಿಲ್ಲ, ಕೋಲಾರದ ಚಿನ್ನದ ಗಣಿಗಳ ಕಾರ್ಮಿಕರು ಅದನ್ನು ಎದೆಯಲ್ಲಿ ಹೊತ್ತವರು. ಅಲ್ಯೂಮಿನಿಯಂ ಆಕ್ಸೈಡ್‌ನಂಥ ಬದಲಿ ಕಣಗಳಿವೆ, ಮುಚ್ಚಿದ ಕ್ಯಾಬಿನೆಟ್‌ಗಳಿವೆ. ಕೋಟಿಂಗ್ ಕೊಡುವ ಮುಂಚೆ 'ಯಾವುದರಲ್ಲಿ ಬ್ಲಾಸ್ಟ್ ಮಾಡ್ತೀರಿ, ಎಲ್ಲಿ ಮಾಡ್ತೀರಿ' ಅಂತ ಒಂದು ಮಾತು ಕೇಳಿ. ಗಿರಾಕಿ ಕೇಳಿದರೆ ಅಂಗಡಿಯವರು ಯೋಚಿಸುತ್ತಾರೆ.

ದಿನಕ್ಕೆ ಹತ್ತು ಗಂಟೆ ಅದೇ ಬಿಸಿಯ ಮೇಲೆ

ವಾರಾಂತ್ಯಕ್ಕೆ ನಂದಿಬೆಟ್ಟಕ್ಕೆ ಹೋಗಿಬರುವವರಿಗೆ ಸೈಲೆನ್ಸರ್ ಬಿಸಿ ಒಂದು ಕಿರಿಕಿರಿ. ಡೆಲಿವರಿ ಕೆಲಸದವರಿಗೆ, ಬೈಕ್ ಟ್ಯಾಕ್ಸಿ ಓಡಿಸುವವರಿಗೆ ಅದು ದುಡಿಯುವ ಜಾಗದ ಉಷ್ಣತೆ. ಮೇಲೆ ಹೇಳಿದ 44 ಡಿಗ್ರಿಯ ಅಂಕಿ ಇಲ್ಲಿ ಲೆಕ್ಕಕ್ಕೆ ಬರುತ್ತೆ. ಸುಡದಷ್ಟು, ಆದರೆ ದಿನವಿಡೀ ಇರುವ ಬಿಸಿಗೆ ಒಡ್ಡಿಕೊಂಡ ಚರ್ಮದ ಮೇಲೆ ಬಲೆಯಂಥ ಕಪ್ಪುಗಟ್ಟಿದ ಗೆರೆಗಳು ಮೂಡುವುದುಂಟು. ಒಲೆ ಮುಂದೆ ಕೂರುವವರಲ್ಲಿ, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು ಕೆಲಸ ಮಾಡುವವರಲ್ಲಿ ವೈದ್ಯರು ಇದನ್ನು ಗುರುತಿಸಿದ್ದಾರೆ. 2024ರ ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನ ಉಷ್ಣತೆ 38 ಡಿಗ್ರಿ ದಾಟಿತ್ತು. ಕೆಳಗೆ ಟಾರು, ನಡುವೆ ಇಂಜಿನ್, ಮೇಲೆ ಬಿಸಿಲು.

ಬೈಕ್ ಕಾರ್ಮಿಕರದ್ದು, ಪೆಟ್ರೋಲ್ ಕಾರ್ಮಿಕರದ್ದು, ಸುಟ್ಟ ಕಾಲೂ ಕಾರ್ಮಿಕರದ್ದೇ. ಆ್ಯಪ್ ಕಂಪನಿಯ ಲೆಕ್ಕಪತ್ರದಲ್ಲಿ ಈ ಬಿಸಿಗೆ ಒಂದು ಸಾಲೂ ಇಲ್ಲ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣಕ್ಕೆ ಕಾಯ್ದೆ ತಂದಿದೆ. ಕಾರ್ಮಿಕರಿಗೆ ಸಲ್ಲುವ ಪ್ರತಿ ಪಾವತಿಯ ಮೇಲೆ ಕಂಪನಿಗಳಿಂದ 1ರಿಂದ 5 ಶೇಕಡಾ ಕಲ್ಯಾಣ ಶುಲ್ಕ ಪಡೆಯಲು ಅದರಲ್ಲಿ ಅವಕಾಶ ಇದೆ. ಆ ನಿಧಿ ಹೇಗೆ ಖರ್ಚಾಗಬೇಕು ಎಂಬ ಚರ್ಚೆಯಲ್ಲಿ ವಿಮೆ, ಪರಿಹಾರದ ಜೊತೆ ಇಂಥ ಸಣ್ಣ ಸಂಗತಿಗಳೂ ಬರಬೇಕು ಅನ್ನೋದು ನನ್ನ ವಾದ: ಸರಿಯಾದ ಹೀಟ್ ಶೀಲ್ಡ್, ಕಣಕಾಲು ಮುಚ್ಚುವ ಶೂ, ಆರ್ಡರ್‌ಗೆ ಕಾಯುವಾಗ ಇಂಜಿನ್ ಆರಿಸಿ ಕೂರಲು ನೆರಳು. ಕಾಲಿಗೊಂದು ಪಟ್ಟಿ ಕೊಳ್ಳುವ ಖರ್ಚನ್ನೂ ದಿನಗೂಲಿಯಿಂದಲೇ ಕಳೆಯಬೇಕಾದರೆ ಅದಕ್ಕೆ ಸ್ವಉದ್ಯೋಗ ಅಂತ ಹೆಸರಿಡುವುದು ತಮಾಷೆ.

ಕಾನೂನು ಏನನ್ನುತ್ತೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮೂಲ ನಿರ್ದಿಷ್ಟತೆ ಬದಲಿಸುವುದನ್ನು ನಿರ್ಬಂಧಿಸುತ್ತೆ. 190ನೇ ಸೆಕ್ಷನ್ ಶಬ್ದ ಮತ್ತು ವಾಯುಮಾಲಿನ್ಯದ ಮಿತಿ ಮೀರಿದರೆ ದಂಡ ಹೇಳುತ್ತೆ. ಪಟ್ಟಿ, ಕೋಟಿಂಗ್, ತಗಡು ಇವು ಶಬ್ದವನ್ನೂ ಹೊಗೆಯನ್ನೂ ಹೆಚ್ಚಿಸಲ್ಲ. 'ಬಿಸಿ ಜಾಸ್ತಿ, ಕ್ಯಾಟ್ ತೆಗೆಸಿಬಿಡು' ಅನ್ನೋ ಸಲಹೆ ಮಾತ್ರ ಬೇರೆ ದರ್ಜೆಯದ್ದು. ಕನ್ವರ್ಟರ್ ತೆಗೆದರೆ ನಿಮ್ಮ ಕಾಲಿನ ಬಿಸಿಯನ್ನು ಹಿಂದಿನವರ ಮೂಗಿಗೆ ವರ್ಗಾಯಿಸಿದ ಹಾಗೆ. ಅದು ಕಾನೂನುಬಾಹಿರ, ಜೊತೆಗೆ ನಾಗರಿಕರು ಮಾಡುವ ಕೆಲಸ ಅಲ್ಲ. ಮಾರ್ಪಡಿಸಿದ ಸೈಲೆನ್ಸರ್‌ಗಳ ಮೇಲೆ ಪೊಲೀಸರು ರೋಡ್ ರೋಲರ್ ಹತ್ತಿಸಿದ್ದನ್ನು ನಮ್ಮ ಹಲವು ಊರುಗಳು ನೋಡಿವೆ.

ಸುಟ್ಟರೆ ಏನು ಮಾಡಬೇಕು?

ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಎರಡು ನಿಮಿಷ ಸಾಲದು. ಐಸ್ ಬೇಡ. ಟೂತ್‌ಪೇಸ್ಟ್, ಅರಿಶಿನ, ಬೆಣ್ಣೆ, ಕಾಫಿಪುಡಿ, ಇಂಕು ಯಾವುದೂ ಬೇಡ. ಗುಳ್ಳೆ ಒಡೆಯಬೇಡಿ. ಚೊಕ್ಕ ಬಟ್ಟೆಯಿಂದ ಸಡಿಲವಾಗಿ ಮುಚ್ಚಿ. ಚಿಕ್ಕ ಮಕ್ಕಳಿಗಾದರೆ, ಸಕ್ಕರೆ ಕಾಯಿಲೆ ಇದ್ದವರಿಗಾದರೆ, ಗಾಯ ಅಂಗೈಗಿಂತ ದೊಡ್ಡದಿದ್ದರೆ ಅಥವಾ ಆ ಜಾಗ ಬೆಳ್ಳಗಾಗಿ ನೋವೇ ಗೊತ್ತಾಗದಿದ್ದರೆ ಅವತ್ತೇ ವೈದ್ಯರ ಹತ್ತಿರ ಹೋಗಿ.

ಹಾಗಾದರೆ ಯಾವುದು ಮಾಡಿಸಲಿ?

ದಿನಬಳಕೆಯ ಬೈಕ್, ಹಿಂದೆ ಮಕ್ಕಳು ಕೂರುತ್ತಾರೆ ಅಂದರೆ: ಹೀಟ್ ಶೀಲ್ಡ್. ಬೇರೆ ಯೋಚನೆಯೇ ಬೇಡ.

ಕರಾವಳಿ, ಮಲೆನಾಡು, ತುಕ್ಕಿನ ಕಾಟ ಅಂದರೆ: ಹೊಳಪಿನ ಕೋಟಿಂಗ್ ಮತ್ತು ಶೀಲ್ಡ್. ಪಟ್ಟಿ ಬೇಡ.

ಹಳೇ ಬೈಕ್, ಸ್ಟೇನ್‌ಲೆಸ್ ಪೈಪ್, ಕನ್ವರ್ಟರ್ ಇಲ್ಲ, ಒಣಹವೆಯ ಊರು, ಬಿಚ್ಚಿ ನೋಡಿಕೊಳ್ಳುವ ತಾಳ್ಮೆ ಇದೆ ಅಂದರೆ: ಪಟ್ಟಿ ಸುತ್ತಬಹುದು.

ಬಿಎಸ್6 ಬೈಕ್, ವಾರಂಟಿ ಇದೆ, ಬಿಸಿ ಜಾಸ್ತಿ ಅಂದರೆ: ಮೊದಲು ಸರ್ವಿಸ್ ಸೆಂಟರಿಗೆ ಲಿಖಿತ ದೂರು ಕೊಟ್ಟು ಜಾಬ್ ಕಾರ್ಡಿನಲ್ಲಿ ಬರೆಸಿ, ಪ್ರತಿ ಇಟ್ಟುಕೊಳ್ಳಿ. 'ಎಲ್ಲಾ ಬೈಕೂ ಹಿಂಗೇ ಸಾರ್' ಅನ್ನುತ್ತಾರೆ. ಬಾಯಿಮಾತಿನ ದೂರು ಯಾವ ಕಂಪನಿಯ ವಿನ್ಯಾಸ ವಿಭಾಗಕ್ಕೂ ತಲುಪಲ್ಲ. ಕಾಗದದ ಮೇಲಿನ ಹತ್ತು ಸಾವಿರ ದೂರು ತಲುಪುತ್ತೆ.